ಇಪ್ಪತ್ಮೂರು ಇಂಚು

ನಾಲ್ಕನೆಯ ಕಾಲಿಗೆ ತುಂಡು ಜೋಡಿಸಲು ಶರತ್ ಮಸಾಜು ಮಂಚದ ಕೆಳಗೆ ಅಂಗಾತ ಮಲಗಿದ್ದ. ಐದು ಇಂಚಿನ ತೇಗದ ತುಂಡು. ಮೂರು ಕಾಲಿಗೆ ಆಗಲೇ ಸ್ಕ್ರೂ ಕೂತಿತ್ತು. ಇದೊಂದಕ್ಕೆ ಮಾತ್ರ ಡ್ರಿಲ್ಲು ಜಾರುತ್ತಿತ್ತು.

ಶಿಕಾರಿಪುರದ ಬಟ್ಟೆ ಅಂಗಡಿಯ ಮೇಲಿನ ಈ ಮಹಡಿಯಲ್ಲಿ ನಾಳೆ ಸ್ಪಾ ತೆರೆಯುತ್ತದೆ. ಯಾವ ಗೋಡೆ ಎಲ್ಲಿ, ಸ್ಟೀಮ್ ರೂಮಿನ ನೀರು ಯಾವ ಕಡೆ ಇಳಿಯಬೇಕು, ಎಣ್ಣೆಗಾಲು ಜಾರದಂಥ ಟೈಲ್ಸ್ ಯಾವುದು, ಎಲ್ಲ ಶರತ್ ಬರೆದ ನಕ್ಷೆ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು ಸೊರಬದಲ್ಲಿ ಬಡಗಿ ಕೆಲಸ ಕಲಿತವನು ಅವನು. ಕಾರ್ಡಿನಲ್ಲಿ ಇಂಟೀರಿಯರ್ ಡಿಸೈನರ್ ಎಂದು ಅಚ್ಚು ಹಾಕಿಸಿದ್ದ. ಕಾರ್ಡು ನೋಡಿ ನಕ್ಕವರೇ ಬಹಳ. ಕೆಲಸ ಕೊಟ್ಟವನು ಅಂಗಡಿಯ ಮಾಲೀಕ ಸಿದ್ಧಲಿಂಗೇಶ್ ಒಬ್ಬನೇ.

ಮಸಾಜಿನ ಬಗ್ಗೆ ಶರತ್‌ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವ್ವ ಗುಡ್ಡಮ್ಮನಿಗೆ. ಜಡೆ ಊರಿನ ಸುತ್ತಮುತ್ತ ಮೂವತ್ತು ವರ್ಷದಿಂದ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು. ಬೆನ್ನಿಗೆ ಗಾಳಿ ಬಡಿಯಬಾರದು ಅಂದಳು, ಏಸಿಯನ್ನು ಕಾಲ ಕಡೆ ಹಾಕಿಸಿದ. ಬಿಸಿ ಎಣ್ಣೆ ಬಲಗೈಗೆ ಸಿಗಬೇಕು ಅಂದಳು, ಅಲ್ಲೇ ಪ್ಲಗ್ ಕೊಡಿಸಿದ. ಮಂಚದ ಎತ್ತರಕ್ಕೆ ಅವಳನ್ನೇ ಮನೆಯ ಗೋಡೆಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಮುಷ್ಟಿಯ ಗೆಣ್ಣು ಬಂದಲ್ಲಿಗೆ ಪೆನ್ಸಿಲ್ ಗೀಟು ಎಳೆದ. ಇಪ್ಪತ್ಮೂರು ಇಂಚು. ಗುಡ್ಡಮ್ಮ ಬಲು ಕುಳ್ಳಿ. "ಹೆಣದ ಪೆಟ್ಟಿಗೆಗೆ ಅಳತೆ ತಗಂಡಂಗೆ ತಗಂತೀಯಲ್ಲ ತಮಾ" ಎಂದು ನಕ್ಕಿದ್ದಳು.

ಆ ಮಂಚದ ಪಕ್ಕ ನಿಲ್ಲುವವಳು ಅವಳೇ ಎಂದು ಮೊದಲ ದಿನವೇ ಸಿದ್ಧಲಿಂಗೇಶ್ ಜೊತೆ ಮಾತಾಗಿತ್ತು. ಅದನ್ನೇ ನಂಬಿ ಗುಡ್ಡಮ್ಮ ಈ ವರ್ಷ ಮೂರು ಮನೆಯ ಬಾಣಂತನ ಒಲ್ಲೆ ಅಂದಿದ್ದಳು. ಆ ಮನೆಗಳು ಬೇರೆಯವರನ್ನು ಹುಡುಕಿಕೊಂಡಿದ್ದವು.

ಇವತ್ತು ಬೆಳಿಗ್ಗೆ ಸಿದ್ಧಲಿಂಗೇಶ್ ಬಂದು, ಮಂಚ ಐದು ಇಂಚು ಎತ್ತರವಾಗಬೇಕು ಅಂದ. ಮಂಗಳೂರಿನ ಏಜೆನ್ಸಿಯಿಂದ ಇಬ್ಬರು ಹುಡುಗಿಯರು ಬರುತ್ತಾರಂತೆ, ಎತ್ತರ ಇದ್ದಾರಂತೆ, ಬಗ್ಗಿದರೆ ನಡು ಹಿಡಿಯುತ್ತದಂತೆ. ಶರತ್ ಅವ್ವನ ಮಾತೆತ್ತಿದ.

"ನೋಡಪಾ ಶರತ್," ಸಿದ್ಧಲಿಂಗೇಶ್ ದನಿ ಏರಿಸಲಿಲ್ಲ. "ನಿಮ್ಮವ್ವನ ಕೈ ಬಂಗಾರ. ಜಡೇಲಿ ನನ್ನ ಹೆಂಡ್ತಿಗೂ ಅವರೇ ನೀರು ಹಾಕಿದ್ದು. ಅದೇ ತ್ರಾಸು ನೋಡು. ಒಂದು ಸೀರೆ, ನಾಕು ಸೇರು ಅಕ್ಕಿಗೆ ಮನೀಗೇ ಬರೋ ಕೈಗೆ, ಇಲ್ಲಿ ಬಂದು ಎರಡು ಸಾವಿರ ಯಾರು ಕೊಡ್ತಾರ?"

"ರೂಮು ಪೂರಾ ಅವಳನ್ನ ಕೇಳೇ ಮಾಡಿದ್ದು ಅಣ್ಣ."

"ರೂಮು ಚಲೋ ಆಗೇತಿ. ಗೋಡೆ ನಿಂದು, ಬೇಡ ಅನ್ನಲ್ಲ. ಮುಟ್ಟೋರು ಯಾರು ಅನ್ನೋದು ನಂದು."

ನಿನಗೆ ಆಗದಿದ್ದರೆ ಹಿಂದಿನ ಬೀದಿಯಲ್ಲಿ ಇನ್ನೊಬ್ಬ ಬಡಗಿ ಇದ್ದಾನೆ ಎಂದೂ ಹೇಳಿ ಅವನು ಕೆಳಗಿಳಿದ.

ಇನ್ನೊಬ್ಬ ಬಡಗಿ. ಸುತ್ತಿಗೆ ಶರತ್‌ನ ಕೈಯಲ್ಲೇ ಇತ್ತು. ಎದುರಿಗೆ ಆಳೆತ್ತರದ ಕನ್ನಡಿ, ಅವನೇ ಕೂರಿಸಿದ್ದು. ಒಂದೇ ಏಟು ಸಾಕಿತ್ತು. ಅವನು ಸುತ್ತಿಗೆ ಇಟ್ಟು ಗರಗಸ ತೆಗೆದುಕೊಂಡ. ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಕೈ ಅಳತೆ ತಪ್ಪದೆ ಕೊಯ್ದಿತು. ಇವತ್ತು ರೂಮು ನೋಡಲು ಬರಲಿದ್ದ ಅವ್ವನಿಗೆ ಬರಬೇಡ ಎಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ನಾಲ್ಕನೆಯ ಕಾಲಿನ ಸ್ಕ್ರೂ ಕೂರುವ ಹೊತ್ತಿಗೆ, ಮಧ್ಯಾಹ್ನದ ಬಸ್ಸಿಗೆ ಗುಡ್ಡಮ್ಮ ಬಂದಳು. ಉಗುರು ಒತ್ತಿ ಕತ್ತರಿಸಿದ್ದಳು. ಎಣ್ಣೆ ತಿಕ್ಕುವಾಗ ಗೀರಬಾರದೆಂದು ಯಾವಾಗಲೂ ಮಾಡುವಂತೆ, ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದಳು. ಗೋಡೆ, ದೀಪ, ಪ್ಲಗ್ ಎಲ್ಲ ನೋಡಿದಳು. ಮಂಚದ ಪಕ್ಕ ನಿಂತು ಕೈ ಇಳಿಬಿಟ್ಟಳು. ಗೆಣ್ಣು ಹಲಗೆಯ ಪಕ್ಕಕ್ಕೆ ಬಡಿಯಿತು. ಬಗ್ಗಿ ಕಾಲು ನೋಡಿದಳು. ಹೊಸ ತುಂಡಿನ ಬಣ್ಣ ಬೇರೆಯೇ ಇತ್ತು.

"ಯಾರಿಗಾ ಇದು?"

"ಎತ್ರದೋರು ಬರ್ತಾರಂತೆ."

ಗುಡ್ಡಮ್ಮ ಮೂಲೆಯಲ್ಲಿ ಉಳಿದಿದ್ದ ಮರದ ತುಂಡೊಂದನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಳು. ಎರಡೂ ಅಂಗೈ ಹಾಸಿಗೆಯ ಮೇಲೆ ಊರಿ, ಮೈಭಾರ ಬಿಟ್ಟು ಒಮ್ಮೆ ಒತ್ತಿದಳು. ಮಂಚ ಅಲ್ಲಾಡಲಿಲ್ಲ.

"ಗಟ್ಟಿಯಾಗೈತೆ" ಅಂದಳು.

ಇಳಿದು, ತುಂಡನ್ನು ಮೊದಲಿದ್ದ ಮೂಲೆಗೇ ಇಟ್ಟು, ಕಿಟಕಿಯ ಕಡೆ ತಿರುಗಿ ಬಳೆಗಳನ್ನು ಒಂದೊಂದಾಗಿ ಮಣಿಕಟ್ಟಿಗೆ ಇಳಿಸಿಕೊಳ್ಳತೊಡಗಿದಳು.