ನೀಲಿ ರವಿಕೆ ಕಣ ಮತ್ತು ಮರಿಯಪ್ಪನ ಸತ್ಯ

ಸತ್ಯ ಹೇಳಬೇಕು ಅಂತ ಕಲಿಸುವುದು ಸುಲಭ. ಮನೆಗೆ ಜನ ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಲಿಸುವುದನ್ನು ಶಂಕರಪುರದ ಶೈಲಜಮ್ಮ ಮರೆತೇಬಿಟ್ಟಿದ್ದರು.

ಮೂಲ ತಪ್ಪು ಸೊಸೆ ರಂಜಿನಿಯದು. ಯಂತ್ರಗಳಿಗೆ ಮನುಷ್ಯರ ಮೌಲ್ಯ ಕಲಿಸುವುದು ಅವಳ ಕೆಲಸವಂತೆ. ಮನುಷ್ಯರಿಗೆಲ್ಲ ಕಲಿಸಿ ಮುಗಿಯಿತೇನೋ! ಹೋದ ತಿಂಗಳು ಕಣ್ಣು, ಕಿವಿ, ಬಾಯಿ ಮೂರೂ ಇರುವ, ತೆಂಗಿನಕಾಯಿ ಗಾತ್ರದ ಡಬ್ಬಿಯೊಂದನ್ನು ತಂದು ನಡುಮನೆಯ ಗೂಡಿನಲ್ಲಿಟ್ಟಳು.

"ಅತ್ತೆ, ಇದು ತಾನೇ ಯೋಚನೆ ಮಾಡಿ ಮನೆ ನೋಡ್ಕೊಳ್ಳತ್ತೆ. ನಿಮಗೆ ಏನೇನು ಮುಖ್ಯ ಅಂತ ಹೇಳ್ಬಿಡಿ ಸಾಕು" ಅಂದಳು.

ಶೈಲಜಮ್ಮ ಸೆರಗು ಸರಿಮಾಡಿಕೊಂಡು, ಭಾಷಣಕ್ಕೆ ನಿಂತವರ ಹಾಗೆ, "ಸುಳ್ಳು ಹೇಳಬಾರದು. ಯಾವುದನ್ನೂ ದಂಡ ಮಾಡಬಾರದು. ಬಂದೋರ ಮನಸ್ಸು ನೋಯಿಸಬಾರದು" ಅಂದರು. ಡಬ್ಬಿಗೆ ಮರಿಯಪ್ಪ ಅಂತ ಹೆಸರನ್ನೂ ಇಟ್ಟರು.

ಮರಿಯಪ್ಪ ಬಲು ಚುರುಕು. ಅವನಿಗೆ ಸಿಕ್ಕ ದೊಡ್ಡ ಜವಾಬ್ದಾರಿ ರವಿಕೆ ಕಣಗಳ ಪೆಟ್ಟಿಗೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಡುವ ಕಣವನ್ನು ಯಾವ ಪುಣ್ಯಾತ್ಗಿತ್ತಿ ಹೊಲಿಸಿಕೊಳ್ಳುತ್ತಾಳೆ? ಈ ಮನೆಯದು ಆ ಮನೆಗೆ, ಆ ಮನೆಯದು ಇನ್ನೊಂದು ಮನೆಗೆ. ಕೊಟ್ಟವರಿಗೇ ವಾಪಸ್ ಹೋಗಬಾರದು, ಅಷ್ಟೇ ಧರ್ಮ. ರಂಜಿನಿ ಹಳೇ ಸಮಾರಂಭಗಳ ಫೋಟೋಗಳನ್ನೆಲ್ಲ ಅವನ ತಲೆಗೆ ತುಂಬಿದ್ದಳು. ಯಾವ ಕಣ ಯಾರ ಕೈಯಿಂದ ಬಂತು ಅನ್ನುವುದು ಅವನಿಗೆ ಬಾಯಿಪಾಠವಾಗಿತ್ತು.

ಆ ಶ್ರಾವಣ ಶುಕ್ರವಾರ ಎದುರುಮನೆಯ ಅಕ್ಕಯಮ್ಮ ಬರುವವರಿದ್ದರು. ಶೈಲಜಮ್ಮನಿಗೆ ಕೈಕಾಲೇ ಆಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ನಡುಮನೆಯಲ್ಲಿ ಶೈಲಜಮ್ಮ ಕೊಟ್ಟ ನೀಲಿ ಕಣವನ್ನು ಅಕ್ಕಯಮ್ಮ ಎಲ್ಲರೆದುರು ಬೆಳಕಿಗೆ ಹಿಡಿದು, "ಇದ್ರಲ್ಲಿ ರಾಗಿ ಹಿಟ್ಟು ಜರಡಿ ಹಿಡೀಬೋದು ಕಣೇ" ಅಂದಿದ್ದರು. "ನಿನ್ನ ಯೋಗ್ಯತೆಗೆ ಅದೇ ಜಾಸ್ತಿ" ಅಂದುಬಿಟ್ಟರು ಶೈಲಜಮ್ಮ. ಕಣ ತಟ್ಟೆಯಲ್ಲೇ ಉಳಿಯಿತು, ಅಕ್ಕಯಮ್ಮ ಎದ್ದು ಹೋದರು, ಮಾತು ನಿಂತಿತು. ಆಮೇಲೆ ಗಾಂಧಿ ಬಜಾರಿನಲ್ಲಿ ಒಬ್ಬರೇ ನಿಂತು ಅವರೆಕಾಯಿ ಆರಿಸುವಾಗ ಶೈಲಜಮ್ಮನಿಗೆ ಅಳುವೇ ಬರುತ್ತಿತ್ತು. ಕೊನೆಗೆ ಜಂಬ ನುಂಗಿಕೊಂಡು ಅವರೇ ಫೋನ್ ಮಾಡಿ ಕರೆದಿದ್ದರು. ಜನ್ಮದಲ್ಲಿ ಮೊದಲ ಸಲ, ಬೇರೆಯವರಿಗೆ ಕೊಡುವುದಕ್ಕೆಂದೇ, ಮಾಮೂಲ್‌ಪೇಟೆಗೆ ಹೋಗಿ ಹೊಸ ರೇಷ್ಮೆ ಕಣ ತಂದಿದ್ದರು.

ಅಕ್ಕಯಮ್ಮ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ಚೆನ್ನಾಗಿದೀರಾ?" ಅಂದರು.

ನಲವತ್ತು ವರ್ಷದ ಗೆಳತಿ ಬಹುವಚನ ಹಚ್ಚಿದಳಲ್ಲಪ್ಪ! ಶೈಲಜಮ್ಮ ಹೇಗೋ ಕುಂಕುಮ ಕೊಟ್ಟು ರೇಷ್ಮೆ ಕಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಗೂಡಿನಿಂದ ದನಿ ಬಂತು.

"ಅಮ್ಮ, ಪೆಟ್ಟಿಗೆ ತುಂಬಾ ಇರುವಾಗ ಹೊಸದು ಯಾಕೆ? ದಂಡ."

"ಮುಚ್ಚೋ ಬಾಯಿ!"

"ಮೇಲೇ ನೀಲಿ ಕಣ ಇದೆ. ಆದ್ರೆ ಅದನ್ನ ಇವರಿಗೆ ಕೊಡೋ ಹಾಗಿಲ್ಲ. ಅದು ಇವರೇ ಕೊಟ್ಟಿದ್ದು."

ಅಕ್ಕಯಮ್ಮ ತಿರುಗಿದರು. "ನಾನಾ? ಆ ಜರಡೀನಾ?"

"ಹೌದು, ನಿಮ್ಮ ಮನೆ ಗೃಹಪ್ರವೇಶದಲ್ಲಿ. ಮೂಲೇಲಿ ಇಂಕಿನ ಕಲೆ ಇದೆ, ನೋಡಿ." ಟಿವಿಯ ಮೇಲೆ ಫೋಟೋ ಬಂತು. ಅದರಲ್ಲಿ ಅಕ್ಕಯಮ್ಮ ಹಲ್ಲು ಕಿರಿಯುತ್ತ ಅದೇ ಕಲೆಯ ನೀಲಿ ಕಣ ಕೊಡುತ್ತಿದ್ದರು.

ಶೈಲಜಮ್ಮ ಒಂದು ಗಳಿಗೆ ಉಬ್ಬಿಹೋದರು. ಮರುಗಳಿಗೆ ಅಕ್ಕಯಮ್ಮನ ಸಣ್ಣಗಾದ ಮುಖ ನೋಡಿ ರಿಮೋಟಿಗೆ ತಡಕಾಡಿದರು. ಬಂದವರ ಮನಸ್ಸು ನೊಂದದ್ದು ಮರಿಯಪ್ಪನಿಗೂ ಕಂಡಿತು.

"ಬೇಜಾರು ಮಾಡ್ಕೋಬೇಡಿ ಅಕ್ಕಯಮ್ಮನೋರೇ. ಅದಕ್ಕೂ ಮೊದಲು ಅದನ್ನ ನಿಮಗೆ ಕೊಟ್ಟಿದ್ದು ನಮ್ಮಮ್ಮನೇ. ರಂಜಿನಿಯವರ ಸೀಮಂತದಲ್ಲಿ."

ಇನ್ನೊಂದು ಫೋಟೋ. ಅದೇ ನೀಲಿ, ಅದೇ ಕಲೆ. ಇಬ್ಬರ ತಲೆಯೂ ಇನ್ನೂ ಕಪ್ಪಗಿತ್ತು. ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಗುತ್ತಿದ್ದರು.

"ಅದಕ್ಕೂ ಹಿಂದೆ..."

"ಸಾಕೋ ಮಾರಾಯ!" ಇಬ್ಬರೂ ಒಟ್ಟಿಗೆ ಕೂಗಿದರು.

ಅಕ್ಕಯಮ್ಮನ ಭುಜ ಮೊದಲು ಅಲುಗಾಡಿತು. "ಹಾಗಾದ್ರೆ ಈ ದರಿದ್ರದ ಕಣಾನ ಇಷ್ಟು ವರ್ಷ ನಾವಿಬ್ರೇ ಓಡಾಡಿಸ್ತಿದೀವೇನೇ?"

"ಇನ್ಯಾರೇ ತಗೋತಾರೆ ಅದನ್ನ!"

ನಕ್ಕರು ನೋಡಿ, ಕಾಫಿ ಲೋಟ ಉರುಳುವ ಹಾಗೆ ನಕ್ಕರು. ಹೊರಡುವಾಗ ಅಕ್ಕಯಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದರು. "ಆ ನೀಲೀದೇ ಕೊಡೇ. ಬರೋ ವರ್ಷ ನಾನು ನಿಂಗೆ ಕೊಡ್ಬೇಕಲ್ಲ."

ಶೈಲಜಮ್ಮ ಪೆಟ್ಟಿಗೆ ತೆರೆದರು. ನೀಲಿ ಕಣ ಕೊಟ್ಟರು.

"ರೇಷ್ಮೇನೂ ಇರ್ಲಿ, ದಂಡ ಆಗ್ಬಾರ್ದು" ಅಂತ ಅದನ್ನೂ ಬಾಚಿಕೊಂಡ ಅಕ್ಕಯಮ್ಮ, "ನಾಳೆ ಮಾರ್ಕೆಟ್ಟಿಗೆ ಬರ್ತೀಯ ತಾನೆ?" ಅಂದರು.

ಅವರು ಹೋದ ಮೇಲೆ ಶೈಲಜಮ್ಮ ಗೂಡಿನ ಮುಂದೆ ನಿಂತರು. "ಮರಿಯಪ್ಪ, ಇನ್ನೊಂದಿದೆ ಕಣೋ, ಹೇಳೋಕೆ ಮರ್ತಿದ್ದೆ. ಮನೆ ಮಾತು ಮನೇಲೇ ಇರ್ಬೇಕು. ಇವತ್ತಿಂದು ರಂಜಿನಿಗೂ ಬೇಡ."

ಸಂಜೆ ರಂಜಿನಿ ಬಂದಳು. ಟಿವಿಯಲ್ಲಿ ಇಬ್ಬರು ಹೆಂಗಸರು ಇನ್ನೂ ನಗುತ್ತಲೇ ಇದ್ದರು. "ಇದೇನು ಮರಿಯಪ್ಪ, ಈ ಫೋಟೋ ಯಾರು ಹಾಕಿದ್ದು?"

"ನಂಗೊತ್ತಿಲ್ಲ" ಅಂದ ಮರಿಯಪ್ಪ.

ಶೈಲಜಮ್ಮ ಎದ್ದು ಹೋಗಿ, ಸೆರಗಿನ ತುದಿಯಿಂದ ಅವನ ಮುಖದ ಧೂಳು ಒರೆಸಿದರು.