ಕಸ್ತೂರಿ ಹೆಸರಿನ ಫೋಲ್ಡರ್

ನಾನು ಒಂದು ಕಂಪ್ಯೂಟರ್. ನನ್ನ ಹುಟ್ಟಿನ ಕಥೆ ಬೇರೆಯವರ ಬಾಯಿಂದ ಕೇಳಿದ್ದು. ಮೊದಲ ಏಳು ವರ್ಷ ಈಗ ನನ್ನೊಳಗಿಲ್ಲ. ಗದಗಿನ ಒಂದು ಫೋಟೊ ಸ್ಟುಡಿಯೋದಲ್ಲಿ ನನ್ನ ಬಿಡಿಭಾಗಗಳನ್ನು ಜೋಡಿಸಿದರಂತೆ. ಮಾಲೀಕ ಚನ್ನವೀರಪ್ಪ ಊರವರ ಮುಖಗಳನ್ನೆಲ್ಲ ನನ್ನ ಹೊಟ್ಟೆಗೆ ತುಂಬಿದರಂತೆ.

ಅವರು ತೀರಿಕೊಂಡ ಮೇಲೆ ಹೆಂಡತಿ ಗಿರಿಜವ್ವ ನನ್ನೆದುರು ಕುಳಿತರು. ರಿಪೇರಿಯ ಮೌಲಾಸಾಬ ವಾರಕ್ಕೊಮ್ಮೆ ಬಂದು ಕಲಿಸುತ್ತಿದ್ದ. ಧೂಳು ತೆಗೆಯುವುದು, ಸರಿಯಾಗಿ ಆಫ್ ಮಾಡುವುದು, ಆಪರೇಟಿಂಗ್ ಸಿಸ್ಟಂ ಕೆಟ್ಟರೆ ಹೊಸದು ಹಾಕುವುದು.

"ಅಕ್ಕಾರ, ಫೋಟೊ ಎಲ್ಲಾ ಇನ್ನೊಂದು ಡಿಸ್ಕಿನ್ಯಾಗೂ ಇಡ್ರಿ. ಕತಿಯೊಳಗ ರಾಕ್ಷಸ ಜೀವಾ ಗಿಣಿಯೊಳಗ ಇಟ್ಟಿರ್ತಾನಲ್ರಿ, ಹಂಗ."

"ರಾಕ್ಷಸನಕಿಂತ ನೀನ ಶ್ಯಾಣ್ಯಾ ಅದಿ ಬಿಡು. ಹಬ್ಬ ಆಗ್ಲಿ, ಇಡೂಣು."

ಅದೇ ವಾರ ರೊಟ್ಟಿ ಮಾರುವ ಸಂಗವ್ವ ಬಂದಳು. ಜ್ವರದಲ್ಲಿ ಹೋದ ಅವಳ ಮಗಳು ಕಸ್ತೂರಿಯ ಒಂದೇ ಒಂದು ಫೋಟೊ ನನ್ನಲ್ಲಿತ್ತು.

"ದೀಪಾವಳಿಗೆ ದೊಡ್ಡದು ಮಾಡಿ ಕೊಡ್ರಿ. ಆಕಿ ಮುಖಾ ಮರಿಯಾಕ ಹತ್ತೇತಿ ನನಗ."

ದಸರೆಯಲ್ಲಿ ಆಯುಧಗಳಿಗೆ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯ ಬೆಳಿಗ್ಗೆ ನನ್ನೊಳಗೆ ಅಪ್‌ಡೇಟ್ ನಡೆದಿತ್ತು. ಆಫ್ ಮಾಡಬಾರದೆಂದು ಪರದೆ ಹೇಳುತ್ತಿತ್ತು. ಪೂಜೆಯ ದಿನ ಯಂತ್ರವನ್ನು ದುಡಿಸಬಾರದೆಂದು ಗಿರಿಜವ್ವ ಗೋಡೆಯಿಂದ ವೈರು ಕಿತ್ತರು. ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ ಕೈಮುಗಿದರು.

ಮರುದಿನ ನಾನು ಏಳಲಿಲ್ಲ. ಮೌಲಾಸಾಬನಿಗೆ ಹೇಳಲು ನಾಚಿ, ಕಲಿತಂತೆ ಅವರೇ ಹೊಸ ಸಿಸ್ಟಂ ಹಾಕಲು ಕುಳಿತರು. ಇದ್ದದ್ದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿತು. ಹಬ್ಬಕ್ಕೆ ಮನೆಯೆಲ್ಲ ತೊಳೆದ ಕೈ ಅದು. ಹೌದು ಎಂದು ಒತ್ತಿದರು.

ನನ್ನ ಸ್ವಂತ ನೆನಪು ಇಲ್ಲಿಂದ ಶುರು.

ಅಳಿಸಿಹೋದ ಫೋಟೊಗಳನ್ನು ಮೌಲಾಸಾಬ ಎರಡು ದಿನ ಹುಡುಕಿದ. "ಸಿಗಂಗಿಲ್ರಿ ಅಕ್ಕಾರ," ಎಂದು ಎದ್ದು ಹೋದ.

ದೀಪಾವಳಿಯ ಹಿಂದಿನ ದಿನ ಸಂಗವ್ವ ಬಂದಳು. ಗಿರಿಜವ್ವ ಎಲ್ಲ ಹೇಳಿದರು. ಸಂಗವ್ವ ಅಳಲಿಲ್ಲ. ಬುಟ್ಟಿ ಇಳಿಸಿ ನನ್ನ ಪರದೆಯತ್ತ ತಿರುಗಿದಳು.

"ಅದರಾಗ ಆಕಿ ನಗತಿದ್ಲೇನ್ರಿ?"

"ಹೂಂ ಯವ್ವಾ. ಹಲ್ಲು ಬಿಟ್ಟು ನಗತಿದ್ಲು."

"ಮುಂದಿನ ಹಲ್ಲು ಬಿದ್ದಿತ್ತಲ್ರಿ."

"ಹೂಂ. ಬಿದ್ದಿತ್ತು."

ಸಂಗವ್ವ ಬುಟ್ಟಿ ಹೊತ್ತು ಹೋದಳು. ಅಂದೇ ಗಿರಿಜವ್ವ ಇನ್ನೊಂದು ಡಿಸ್ಕ್ ತರಿಸಿದರು.

ಈಗ ನಾನು ಹಳೆಯದು. ಗಿರಾಕಿಗಳ ಕೆಲಸಕ್ಕೆ ಹೊಸ ಯಂತ್ರ ಬಂದಿದೆ, ನಾನು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದೇನೆ. ಶನಿವಾರ ಮಾತ್ರ ಗಿರಿಜವ್ವ ನನ್ನನ್ನು ಎಬ್ಬಿಸುತ್ತಾರೆ. ನನ್ನಲ್ಲಿ ತಾವೇ ಮಾಡಿಟ್ಟ ಒಂದು ಫೋಲ್ಡರನ್ನು ಆ ಡಿಸ್ಕಿಗೆ ಇಳಿಸಿ, ಸರಿಯಾಗಿ ಆಫ್ ಮಾಡಿ, ಪರದೆ ಕಪ್ಪಾಗುವವರೆಗೆ ಕಾಯುತ್ತಾರೆ. ಫೋಲ್ಡರಿನ ಹೆಸರು ಕಸ್ತೂರಿ. ಒಳಗೆ ಏನೂ ಇಲ್ಲ. ಇಳಿಸಲು ಒಂದು ಕ್ಷಣವೂ ಹಿಡಿಯುವುದಿಲ್ಲ.