ಬಿಟ್ಟುಹೋದ ‘ಬಹುತೇಕ’

ಉತ್ತರಪತ್ರಿಕೆಯ ಮೇಲಿನ ಕೆಂಪು ಸೊನ್ನೆ ನೋಡಿ ರೂಪಾಲಿಯ ಮೈಯೆಲ್ಲ ಉರಿದುಹೋಯಿತು. ಸೊಲ್ಲಾಪುರ ರಸ್ತೆಯ ಈ ಖಾಸಗಿ ಪಿಯು ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬಂದು ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಪ್ರಶ್ನೆ ಸರಳವಾಗಿತ್ತು: ಜೀವಕೋಶದ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಕಿಣ್ವಗಳೆಲ್ಲವೂ ಪ್ರೋಟೀನುಗಳೇ, ಸರಿಯೋ ತಪ್ಪೋ? ಟಿಕೋಟಾದಿಂದ ದಿನಾ ಬಸ್ಸಿಗೆ ಬರುವ ನಂದಾ ‘ತಪ್ಪು’ ಎಂದು ಬರೆದು ಕಾರಣವನ್ನೂ ಕೊಟ್ಟಿದ್ದಳು. ಕೆಲವು ಆರ್‌ಎನ್‌ಎ ಅಣುಗಳು ತಮ್ಮ ನಡುವಿನ ಬೇಡದ ತುಂಡನ್ನು ತಾವೇ ಕತ್ತರಿಸಿ, ತುದಿಗಳನ್ನು ತಾವೇ ಜೋಡಿಸಿಕೊಳ್ಳುತ್ತವೆ. ಅದು ಕಿಣ್ವದ ಕೆಲಸವೇ, ಆದರೆ ಪ್ರೋಟೀನಿನ ಹಂಗೇ ಇಲ್ಲ. ಅಕ್ಷರ ಅಕ್ಷರವೂ ನಿಜ, ಆದರೂ ಸೊನ್ನೆ. ಆ ಒಂದೇ ಅಂಕಕ್ಕೆ ಹುಡುಗಿ ನೀಟ್ ತರಬೇತಿಯ ಬ್ಯಾಚಿನಿಂದ ಹೊರಗುಳಿದಿದ್ದಳು.

ರೂಪಾಲಿ ಪತ್ರಿಕೆ ಹಿಡಿದು ವಿಭಾಗದ ಮುಖ್ಯಸ್ಥ ಪ್ರಲ್ಹಾದ ಸರ್ ಮುಂದೆ ನಿಂತಳು. ಸೊನ್ನೆ ಹಾಕಿದವರು ಅವರೇ.

“ನನ್ನ ನೋಟ್ಸಿನ್ಯಾಗ ಎಲ್ಲಾ ಕಿಣ್ವನೂ ಪ್ರೋಟೀನೇ ಅಂತ ಅದ,” ಎಂದರು ಸರ್, ಚಹಾ ಬಸಿಗೆ ಸುರಿದುಕೊಳ್ಳುತ್ತ.

“ಪುಸ್ತಕದಾಗ ‘ಬಹುತೇಕ ಎಲ್ಲಾ’ ಅಂತ ಅದರಿ ಸರ್. ನಮ್ಮ ಮೈಯಾಗ ಪ್ರೋಟೀನ್ ಹೆಣಿಯೂದೇ ಆರ್‌ಎನ್‌ಎ. ಆ ‘ಬಹುತೇಕ’ ಎಲ್ಲಿ ಹೋತ್ರಿ?”

“ನಾನೇ ಬಿಟ್ಟೀನಿ. ಹಳ್ಳಿ ಹುಡುಗ್ರವು, ಸುಮ್ನ ತಲಿ ಕೆಡಿಸ್ಕೋತಾವ. ನೀವಿನ್ನೂ ಹೊಸಬ್ರು, ಮುಂದ ತಿಳೀತದ.”

ಸರ್ ಇಲ್ಲಿ ಕಲಿಸತೊಡಗಿ ಇಪ್ಪತ್ತು ವರ್ಷ! ಇಪ್ಪತ್ತು ವರ್ಷದಿಂದ ಅದೇ ನೋಟ್ಸು ಝೆರಾಕ್ಸ್ ಆಗುತ್ತಲೇ ಇತ್ತು. ಹಳ್ಳಿಯವರ ತಲೆಗೆ ಎಷ್ಟು ಹಿಡಿಯುತ್ತದೆಂದು ಅಳೆದು ನೋಡಿದ್ದ ಮಹಾನುಭಾವರು ಯಾರೋ! ರೂಪಾಲಿಗೆ ಸಿಟ್ಟು ನೆತ್ತಿಗೇರಿತು. ಜವಾನನನ್ನು ಕಳಿಸಿ ನಂದಾಳನ್ನೇ ಕರೆಸಿದಳು.

“ಏನವಾ, ನನ್ನ ನೋಟ್ಸ್ ಓದ್ಲಿಲ್ಲೇನು?” ಸರ್ ಗದರಿದರು.

“ಇಲ್ರಿ ಸರ್. ನೀವು ನೋಟ್ಸ್ ಕೊಟ್ಟ ದಿನ ನಂದು ಬಸ್ ತಪ್ಪಿತ್ರಿ. ಅದಕ್ಕ ಬರೇ ಪುಸ್ತಕಾನ ಓದೀನ್ರಿ.” ಹುಡುಗಿ ತಲೆ ತಗ್ಗಿಸಿದಳು. “ತಪ್ಪಾತ್ರಿ ಸರ್.”

ಸರಿ ಉತ್ತರ ಬರೆದವಳು ಕ್ಷಮೆ ಕೇಳುತ್ತಿದ್ದಾಳೆ. ಸುಳ್ಳು ಕಲಿಸಿದವರು ಚಹಾ ಕುಡಿಯುತ್ತಿದ್ದಾರೆ. ರೂಪಾಲಿ ಕೆಂಪು ಪೆನ್ನು ತೆಗೆದು ಬಸಿಯ ಪಕ್ಕಕ್ಕಿಟ್ಟು, ಪಠ್ಯಪುಸ್ತಕದ ಆ ಪುಟ ತೆರೆದು ಹಿಡಿದಳು. ಕದಲಲಿಲ್ಲ.

ಸರ್ ಬಹಳ ಹೊತ್ತು ಓದಿದರು. ಕೊನೆಗೆ ಸೊನ್ನೆಯನ್ನು ಹೊಡೆದುಹಾಕಿ ಒಂದು ಅಂಕ ಬರೆದರು. ಬ್ಯಾಚಿನ ಪಟ್ಟಿಯ ಕೆಳಗೆ ನಂದಾಳ ಹೆಸರು ಸೇರಿಸಿದರು.

“ಆತಲ್ಲ? ಈಗರೆ ಸಮಾಧಾನ ಆತಿಲ್ಲೋ?”

“ಇಲ್ರಿ ಸರ್,” ಎಂದಳು ರೂಪಾಲಿ. “ಇಪ್ಪತ್ತು ವರ್ಷದಾಗ ಇನ್ನೆಷ್ಟು ಮಂದಿ ಹಿಂಗ ‘ತಪ್ಪಾತ್ರಿ’ ಅಂದು ಹೋಗ್ಯಾರ್ರಿ?”